ಏಳನೇ ಬೀಗದ ಕಾವಲುಗಾರ

ಪೆಕನ್ ಬೆಂಡ್, ಮಿಸಿಸಿಪ್ಪಿ
6 ಫೆಬ್ರವರಿ 1972

ಥ್ಯಾಡ್ ಮಾವನಿಗೆ,

ನಾನು ಆರ್ಡೆಲ್ಲ, ನಿಮ್ಮ ಅಕ್ಕ ಲುವೀನಿಯಾಳ ಮಗಳು. ನೀವು ಕೊನೆಯ ಸಲ ನೋಡಿದಾಗ ನನಗೆ ಹದಿಮೂರು. ಈಗ ಮೂವತ್ತನಾಲ್ಕು, ಮೂರನೇ ತರಗತಿಗೆ ಪಾಠ ಹೇಳುತ್ತೇನೆ. ಈ ಕಾಗದ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ.

ಹೋದ ವಾರ ಶಿಕಾಗೋದಿಂದ ಬರುವ ನಮ್ಮ ಕರಿಯರ ಪತ್ರಿಕೆಯಲ್ಲಿ ಓದಿದೆ. ‘ಏಳನೇ ಬೀಗ’ ಎಂಬ ಹಳೆಯ ದರೋಡೆ ಚಿತ್ರವನ್ನು ಲಾಸ್ ಏಂಜಲೀಸಿನ ಸಣ್ಣ ಕಂಪನಿಯೊಂದು ಮತ್ತೆ ತೆಗೆಯುತ್ತಿದೆಯಂತೆ. ಈ ಸಲ ಕಳ್ಳರೂ ನಮ್ಮವರೇ, ನಾಯಕನೂ ನಮ್ಮವನೇ. ಹೊಸ ಹೆಸರು ‘ಡ್ಯೂಕ್ ಬಂದ’. ಹಳೆಯ ಹೆಸರನ್ನು ಅಚ್ಚಿನಲ್ಲಿ ನೋಡಿದ್ದೇ ಆ ಹಾಳೆಯನ್ನು ಅಮ್ಮನಿಗೆ ಕಾಣದ ಹಾಗೆ ಮಡಚಿಟ್ಟೆ.

ಮಾವ, ಐವತ್ತನೇ ಇಸವಿಯಲ್ಲಿ ಆ ಚಿತ್ರದಲ್ಲಿ ಪಾತ್ರ ಮಾಡಿದ್ದೇನೆಂದು ನೀವು ಬರೆದ ಕಾಗದವನ್ನು ಅಮ್ಮ ಚರ್ಚಿನಲ್ಲಿ ಎದ್ದು ನಿಂತು ಓದಿದ್ದಳು. ಚಿತ್ರ ನಮ್ಮ ಪ್ಯಾರಗಾನ್ ಟಾಕೀಸಿಗೆ ಬಂದಾಗ ನಲವತ್ತೊಂದು ಜನ ಹಿಂದಿನ ಮೆಟ್ಟಿಲು ಹತ್ತಿ ನಮ್ಮವರಿಗೆಂದು ಬೇರೆ ಮಾಡಿದ ಅಟ್ಟದಲ್ಲಿ ಕೂತೆವು. ಕೆಳಗಿನ ತಿಂಡಿ ಅಂಗಡಿಯಲ್ಲಿ ನಮಗೆ ಕೊಡುತ್ತಿರಲಿಲ್ಲ, ಅದಕ್ಕೇ ಶೂ ಡಬ್ಬಿಗಳಲ್ಲಿ ಕರಿದ ಕೋಳಿ ಕಟ್ಟಿಕೊಂಡು ಹೋಗಿದ್ದೆವು. ಕೊನೆಯವರೆಗೂ ಕಾದೆವು. ನೀವು ಬರಲೇ ಇಲ್ಲ. ದೀಪ ಹತ್ತಿದಾಗ ನಲವತ್ತು ಮುಖಗಳು ಅಮ್ಮನ ಕಡೆ ತಿರುಗಿದವು. ಚರ್ಚಿನ ಹಿರಿಯ ಡೀಕನ್ ಹೋರೇಸ್, “ಏನ್ ಲುವೀನಿಯಾ, ನಿನ್ ತಮ್ಮ ಪರದೆ ಹಿಂದ್ಗಡೆ ನಿಂತಿದ್ನೇನೋ!” ಅಂದರು. ಆಮೇಲೆ ಊರಿನಲ್ಲಿ ನಿಮ್ಮ ಹೆಸರೇ ‘ಕಾಣದ ಥ್ಯಾಡ್’ ಆಯಿತು.

ಮರುವರ್ಷ ಅಜ್ಜ ತೀರಿಕೊಂಡು ನೀವು ಮಣ್ಣಿಗೆ ಬಂದಾಗ ಅಮ್ಮ ನಿಮ್ಮನ್ನು ಚರ್ಚಿನ ಬಾಗಿಲಲ್ಲೇ ತಡೆದಳು. “ಸುಳ್ಳು ಹೇಳ್ದೆ ಅಂತ ಒಂದ್ ಮಾತು ಹೇಳು, ಒಳಗ್ ಬಾ.” ನೀವು ಹೇಳಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ಕಿಟಕಿಯ ಹೊರಗೆ ಟೋಪಿ ಹಿಡಿದು ನಿಂತಿರಿ. ನಾನು ಒಳಗಿನಿಂದ ನೋಡುತ್ತಿದ್ದೆ.

ಅಮ್ಮನ ಎದೆ ದುರ್ಬಲವಾಗಿದೆ. ಈ ಆಗಸ್ಟಿಗೆ ಎಪ್ಪತ್ತು ತುಂಬುತ್ತದೆ. ಡಾಕ್ಟರು ಮುಂದಿನ ಆಗಸ್ಟಿನ ಮಾತೆತ್ತಲಿಲ್ಲ. ಆಗಸ್ಟ್ ಹದಿಮೂರಕ್ಕೆ ಹೊರಗೆ ಹೋದವರೆಲ್ಲ ಊರಿಗೆ ಮರಳುವ ಭಾನುವಾರ. ಆ ದಿನ ನೀವು ಚರ್ಚಿನ ನಮ್ಮ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿರಬೇಕು. ಅದಕ್ಕೆ ಒಂದೇ ಒಂದು ಸಾಲು ಬೇಕು: ‘ಅಕ್ಕ, ಸುಳ್ಳು ಹೇಳಿದ್ದೆ.’ ನಾನು ಓದಿ ಹೇಳುತ್ತೇನೆ. ಇಪ್ಪತ್ತೆರಡು ವರ್ಷವಾಯಿತು, ಈಗ ಯಾರಿಗೆ ಏನು ನಷ್ಟ?

ಆರ್ಡೆಲ್ಲ

*

ಲಾಸ್ ಏಂಜಲೀಸ್
15 ಫೆಬ್ರವರಿ 1972

ಮಗಳೇ ಆರ್ಡೆಲ್ಲ,

ನಿನ್ನ ಅಕ್ಷರ ನೋಡಿ ಯಾವುದೋ ವಕೀಲರ ನೋಟೀಸು ಅಂದುಕೊಂಡೆ, ಅಷ್ಟು ನೇರ. ನಮ್ಮ ವಂಶದಲ್ಲಿ ಇಂಥ ಅಕ್ಷರ ಹುಟ್ಟಿದ್ದು ಇದೇ ಮೊದಲು. ನಾನು ಆರನೇ ತರಗತಿಗೇ ಶಾಲೆಗೆ ನಮಸ್ಕಾರ ಹಾಕಿದವನು. ಹಾಕಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಮೇಷ್ಟರಿಗೆ ಪಾಠ ಹೇಳಿಕೊಡುವ ಕೆಲಸ ನನ್ನ ತಲೆಗೇ ಬರುತ್ತಿತ್ತು.

ಈಗ ಕೇಳು. ನಾನು ಸುಳ್ಳುಗಾರ, ಒಪ್ಪಿದೆ. ಹೊಳೆಯಲ್ಲಿ ನನ್ನಷ್ಟೇ ಉದ್ದದ ಮೀನು ಹಿಡಿದೆ ಎಂದದ್ದು ಸುಳ್ಳು. ಗವರ್ನರರ ಕುದುರೆಗೆ ಲಾಳ ಹೊಡೆದೆ ಎಂದದ್ದು ಸುಳ್ಳು. ಯುದ್ಧದಲ್ಲಿ ಫ್ರಾನ್ಸಿನ ಹೆಂಗಸೊಬ್ಬಳು ನನಗಾಗಿ ಬಾವಿಗೆ ಹಾರಲು ಹೋದದ್ದು ಅರ್ಧ ಸುಳ್ಳು, ಬಾವಿ ಇತ್ತು. ಆದರೆ ‘ಏಳನೇ ಬೀಗ’ ಸತ್ಯ. ಬದುಕಿನಲ್ಲಿ ಬಣ್ಣ ಹಚ್ಚದೆ ನಾನು ಹೇಳಿದ್ದು ಇದೊಂದೇ, ಅದನ್ನೇ ನುಂಗು ಅನ್ನುತ್ತೀಯಲ್ಲ!

ನನ್ನದು ವಜ್ರದ ಅಂಗಡಿಯ ಕಾವಲುಗಾರನ ಪಾತ್ರ. ದರೋಡೆಯ ಮರುದಿನ ಬಿಳಿ ಪತ್ತೇದಾರ ಬಂದು ನನ್ನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂರುತ್ತಾನೆ. ‘ಮಿಸ್ಟರ್’ ಎಂದು ಕರೆಯುತ್ತಾನೆ. ಸಿಗರೇಟು ಕೊಟ್ಟು ತಾನೇ ಕಡ್ಡಿ ಗೀರುತ್ತಾನೆ. ಸಮಸಮವಾಗಿ ಮಾತಾಡುತ್ತೇವೆ. ಇಲ್ಲಿನ ಸೆಂಟ್ರಲ್ ಅವೆನ್ಯೂ ಬೀದಿಯ ಟಾಕೀಸಿನಲ್ಲಿ ಆರು ಸಲ ನನ್ನನ್ನು ನಾನೇ ನೋಡಿದ್ದೇನೆ.

ನಿನ್ನಮ್ಮನೂ ನೋಡಿದಳು. ನೋಡಿಯೂ ಇಲ್ಲ ಎಂದಳು. ತಮ್ಮ ಬಿಳಿಯನ ಜೊತೆ ಕೂತು ಹೊಗೆ ಬಿಟ್ಟದ್ದು ಚರ್ಚಿನ ಹೆಂಗಸರಿಗೆ ಹಿಡಿಸಲಿಲ್ಲ, ನಲವತ್ತೊಂದು ಜನ ಸೇರಿ ನನ್ನನ್ನು ಅಳಿಸಿದರು. ಅಪ್ಪನ ಮಣ್ಣಿನ ದಿನ ಆ ಬಾಗಿಲಲ್ಲಿ ನಾನು ಸುಳ್ಳು ಹೇಳಿದ್ದರೆ ಒಳಗೆ ಬರಬಹುದಿತ್ತು. ಯೋಚನೆ ಮಾಡು, ಆ ಚರ್ಚಿನ ಒಳಗೆ ಹೋಗಲು ನಾನು ಸುಳ್ಳು ಹೇಳಬೇಕಿತ್ತು!

ದೇವರ ಆಟ ನೋಡು. ಈಗ ಅದೇ ಚಿತ್ರವನ್ನು ಮತ್ತೆ ತೆಗೆಯುತ್ತಿರುವ ಕಂಪನಿಯಲ್ಲೇ ನಾನಿದ್ದೇನೆ. ಸಲಹೆಗಾರ. ನನ್ನನ್ನು ಕೇಳದೆ ಒಂದು ಕಾರೂ ಒಳಗೆ ಹೋಗುವುದಿಲ್ಲ. ನಾಳೆಯೇ ಡೈರೆಕ್ಟರನ್ನು ಕಂಡು ನನ್ನ ಪಾತ್ರ ನನಗೇ ಕೊಡು ಅನ್ನುತ್ತೇನೆ. ಈ ಸಲ ನಿನ್ನಮ್ಮ ಕಣ್ಣು ಮುಚ್ಚಿಕೊಂಡರೂ ಕಾಣಿಸುತ್ತೇನೆ.

ನಿನ್ನ ಮಾವ,
ಥ್ಯಾಡಿಯಸ್ ಬ್ರಾಡ್ನ್ಯಾಕ್ಸ್

*

ಪೆಕನ್ ಬೆಂಡ್
28 ಫೆಬ್ರವರಿ 1972

ಮಾವ,

ನಿಮ್ಮ ಕಾಗದ ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ಕೈಗೆ ಸಿಕ್ಕಿತು. ಬೈಯುತ್ತಾಳೆ ಅಂದುಕೊಂಡೆ. “ಓದು” ಅಂದಳು. ಸಾಸಿವೆ ಸೊಪ್ಪು ಬಿಡಿಸುತ್ತಾ ಕೇಳಿದಳು. ‘ಮಿಸ್ಟರ್’ ಎನ್ನುವಲ್ಲಿ ಕೈ ನಿಂತಿತು.

“ಮಿಸ್ಟರ್ ಅಂದ್ನಂತಾ? ಬಿಳಿ ಪೊಲೀಸ್ನೋನು? ಐವತ್ತನೇ ಇಸ್ವೀಲಿ? ಯಾವ್ ದೇಶ್ದಲ್ಲಿ ನಡೀತಂತೆ ಆ ಸಿನಿಮಾ!” ಆಮೇಲೆ ಸೊಪ್ಪನ್ನು ಪಕ್ಕಕ್ಕೆ ತಳ್ಳಿ, “ನಾನು ನೋಡಿ ಇಲ್ಲ ಅಂದೆ ಅಂತಾನೆ. ನಾನು! ಅಂಗಡಿಯೋನು ಒಂದು ಸೂಜಿ ಜಾಸ್ತಿ ಕೊಟ್ರೆ ಎರಡು ಮೈಲಿ ನಡ್ದು ವಾಪಸ್ ಕೊಟ್ ಬಂದೋಳು” ಅಂದಳು.

ಅದು ನಿಜ, ಆ ಸೂಜಿ ಕೊಡಲು ಹೋದವಳು ನಾನೇ.

ಮಾವ, ನಾನೂ ಆ ಅಟ್ಟದಲ್ಲಿದ್ದೆ. ಮೊದಲ ಸಾಲು, ಕಟಕಟೆಗೆ ಗಲ್ಲ ಒರಗಿಸಿ ಕೂತಿದ್ದೆ. ಎಲ್ಲಿ ನೀವು ತಪ್ಪಿಹೋಗುತ್ತೀರೋ ಎಂದು ಕಣ್ಣು ಮಿಟುಕಿಸಲೂ ಹೆದರಿದ್ದೆ. ಬೆಂಚು ಇರಲಿಲ್ಲ. ಕಾವಲುಗಾರ ಇರಲಿಲ್ಲ. ಅಮ್ಮನನ್ನು ನಂಬಬೇಡಿ, ನನ್ನನ್ನಾದರೂ ನಂಬಿ. ಹನ್ನೆರಡು ವರ್ಷದವಳಿಗೆ ಯಾವ ಹಟ?

ನೀವು ಬರೆಯದಿದ್ದರೆ ಬೇಡ. ಆದರೆ ಅವಳು ಸುಳ್ಳು ಹೇಳಿದಳೆಂದು ಮತ್ತೆ ಬರೆಯಬೇಡಿ. ಆ ದಿನದಿಂದ ಅವಳು ಒಂದು ಸಿನಿಮಾವನ್ನೂ ನೋಡಿಲ್ಲ.

ಆರ್ಡೆಲ್ಲ

*

ಲಾಸ್ ಏಂಜಲೀಸ್
20 ಮಾರ್ಚ್ 1972

ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸೇರಿತು, ಹಂದಿಯ ಪಕ್ಕೆಲುಬು ಬೇಯಿಸಿದ್ದರು.

ಡೈರೆಕ್ಟರನ್ನು ಕಂಡೆ. ಹೆಸರು ಡೆಲ್ರಾಯ್, ನಮ್ಮ ಹುಡುಗನೇ, ನ್ಯೂಯಾರ್ಕಿನವನು. ಕೊಡೆಯಷ್ಟು ಅಗಲದ ಕೂದಲು, ಕಾಲಿನ ಹತ್ತಿರ ಗಂಟೆಯ ಹಾಗೆ ಹರಡಿದ ಪ್ಯಾಂಟು. “ಮಗಾ, ಹಳೇ ಸಿನಿಮಾದ ಕಾವಲುಗಾರ ನಾನೇ ಕಣೋ. ಹೊಸದ್ರಲ್ಲೂ ನಂಗೇ ಕೊಡು” ಅಂದೆ.

ಅವನು ನಕ್ಕ. “ಅಜ್ಜಾ, ಅದ್ರಲ್ಲಿ ಬಿಳಿಯರು ಮಾಡಿದ್ನೆಲ್ಲ ಇದ್ರಲ್ಲಿ ನಮ್ಮೋರು ಮಾಡ್ತಾರೆ. ನಮ್ಮೋರು ಮಾಡಿದ್ನ ಬಿಳಿಯರು ಮಾಡ್ತಾರೆ. ಇಷ್ಟು ವರ್ಷ ನಾವು ಲಾಟೀನು ಹಿಡ್ದು ನಿಂತಿದ್ದು ಸಾಕು. ಈಗ ಅವ್ರು ಹಿಡೀಲಿ.”

ನ್ಯಾಯ ನೀನೇ ಹೇಳು. ಇಡೀ ಚಿತ್ರದಲ್ಲಿ ನಮ್ಮವನಿಗೆ ಇದ್ದದ್ದು ಒಂದೇ ಪಾತ್ರ, ಅದು ನನ್ನದು. ಈಗ ಎಲ್ಲ ಪಾತ್ರವೂ ನಮ್ಮವರಿಗೆ, ನನ್ನದೊಂದನ್ನು ಬಿಟ್ಟು! ಅದು ಹೋಮರ್ ಟಲ್ಲಿ ಎಂಬ ಎಪ್ಪತ್ತರ ಬಿಳಿ ಮುದುಕನಿಗೆ ಹೋಗಿದೆ.

ಆದರೆ ನಿನ್ನ ಮಾವನನ್ನು ಅಷ್ಟು ಸುಲಭವಾಗಿ ಹೊರಗಿಡಲು ಆಗುವುದಿಲ್ಲ. ಪೀಡಿಸಿ ಪೀಡಿಸಿ ಕೊನೆಗೆ ಪಾತ್ರ ಕಿತ್ತುಕೊಂಡೆ. ನಾಯಕ ಡ್ಯೂಕನ ಗುಂಪಿನ ಹಿರಿಯ, ಹೊಲಿಸಿದ ಸೂಟು, ಹಸಿರು ಟೋಪಿ. ಕಾವಲುಗಾರನ ಬೆಂಚಿನ ಹತ್ತಿರ ಹೋಗಿ ಅವನ ಕೆನ್ನೆಗೆ ಒಂದು ಬಾರಿಸಬೇಕು. ಒಂದೇ ಏಟು, ಆದರೆ ಇಡೀ ಟಾಕೀಸು ಎದ್ದು ನಿಲ್ಲುತ್ತದೆ ಎನ್ನುತ್ತಾನೆ ಡೆಲ್ರಾಯ್.

ಇನ್ನೊಂದು ಸುದ್ದಿ. ಮುಂದಿನ ಶುಕ್ರವಾರ ಎಲ್ಲರಿಗೂ ಹಳೆಯ ಚಿತ್ರ ತೋರಿಸುತ್ತಾರೆ, ಯಾವ ದೃಶ್ಯ ಹೇಗಿತ್ತು ಎಂದು ನೋಡಲು. ಮೂವತ್ತು ಜನ ಸಾಕ್ಷಿ ಇರುತ್ತಾರೆ. ಪ್ರತಿಯೊಬ್ಬನಿಂದಲೂ ಸಹಿ ಹಾಕಿಸಿ ನಿನ್ನಮ್ಮನಿಗೆ ಕಳಿಸುತ್ತೇನೆ. ನಲವತ್ತೊಂದಕ್ಕೆ ಮೂವತ್ತು, ಇರಲಿ, ನಮ್ಮವರು ದೊಡ್ಡ ಊರಿನವರು.

ಥ್ಯಾಡ್ ಮಾವ

*

ಲಾಸ್ ಏಂಜಲೀಸ್
1 ಏಪ್ರಿಲ್ 1972

ಆರ್ಡೆಲ್ಲ,

ಅಕ್ಕನಿಗೆ ಓದಿ ಹೇಳು. ನಾನು ಸುಳ್ಳು ಹೇಳಿದ್ದೆ. ನಾನು ಆ ಚಿತ್ರದಲ್ಲಿ ಇರಲಿಲ್ಲ.

ಥ್ಯಾಡಿಯಸ್

*

ಪೆಕನ್ ಬೆಂಡ್
12 ಏಪ್ರಿಲ್ 1972

ಮಾವ,

ನಾನು ಕೇಳಿದ ಸಾಲು ಬಂತು. ಎಂಟು ದಿನದಿಂದ ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಮ್ಮನಿಗೆ ಓದಿಲ್ಲ.

ಏಕೆಂದು ಸರಿಯಾಗಿ ಹೇಳಲು ಬರುವುದಿಲ್ಲ. ನೀವು ‘ಅರ್ಧ ಸುಳ್ಳು, ಬಾವಿ ಇತ್ತು’ ಎಂದು ಬರೆದಾಗ ನಾನು ಬೇಡವೆಂದರೂ ನಕ್ಕಿದ್ದೆ. ಈ ಕಾಗದದಲ್ಲಿ ಬಾವಿ ಇಲ್ಲ, ಕುದುರೆ ಇಲ್ಲ, ಏನೂ ಇಲ್ಲ. ಮಕ್ಕಳು ಹೊಡೆತಕ್ಕೆ ಹೆದರಿ ತಪ್ಪೊಪ್ಪಿಕೊಂಡಾಗ ಹೀಗೇ ಎರಡು ಸಾಲು ಬರೆಯುತ್ತಾರೆ. ಆ ಕಾಗದ ಕೈಗೆ ಬಂದಾಗೆಲ್ಲ, ಈ ಮಗು ಅದನ್ನು ಮಾಡಿಲ್ಲ ಎಂದು ನನಗೆ ಗೊತ್ತಾಗಿಬಿಡುತ್ತದೆ.

ಶುಕ್ರವಾರ ಏನಾಯಿತು? ಹೇಳದಿದ್ದರೆ ಈ ಸಾಲನ್ನು ನಾನು ಯಾರಿಗೂ ಓದುವುದಿಲ್ಲ.

ಆರ್ಡೆಲ್ಲ

*

ಲಾಸ್ ಏಂಜಲೀಸ್
30 ಏಪ್ರಿಲ್ 1972

ಮಗಳೇ ಆರ್ಡೆಲ್ಲ,

ಎರಡು ಸಾಲು ಸಾಲದು ಅಂದೆಯಲ್ಲ, ಪೂರ್ತಿ ಬರೆಯುತ್ತೇನೆ.

ಆ ಶುಕ್ರವಾರ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಲ್ಲಿ ಕೂತೆ. ಚಿತ್ರ ಶುರುವಾಯಿತು. “ಬರ್ತೀನಿ, ಈಗ ಬರ್ತೀನಿ” ಎಂದು ಅಕ್ಕಪಕ್ಕದವರನ್ನು ತಿವಿದೆ. ದರೋಡೆ ಆಯಿತು. ಪತ್ತೇದಾರ ಕಾರಿನಿಂದ ಇಳಿದ. ಅಂಗಡಿಯ ಬಾಗಿಲಿಗೆ ಕೈ ಹಾಕಿದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮರುಕ್ಷಣ ಅವನು ಮತ್ತೆ ಕಾರಿನಲ್ಲಿದ್ದ.

ನಾನು ಇಲ್ಲ.

ಆರು ಸಲ ಈ ಕಣ್ಣಿಂದ ನೋಡಿದ್ದೇನೆ ಮಗಳೇ, ನಾನು ಇಲ್ಲ. ಬೆಂಚಿಲ್ಲ, ಸಿಗರೇಟಿಲ್ಲ. ದೀಪ ಹತ್ತಿತು. ಹಿಂದಿನಿಂದ ಯಾರೋ, “ಅಜ್ಜಾ, ಯಾವ್ ಕಂಬದ ಹಿಂದ್ಗಡೆ ಇದ್ದೆ?” ಅಂದ. ಮೂವತ್ತು ಜನ ನಕ್ಕರು. ಡೆಲ್ರಾಯ್, “ಬಿಡ್ರೋ, ವಯಸ್ಸಾಗಿದೆ” ಅಂದ. ಅದು ನಗುವಿಗಿಂತ ಕೆಟ್ಟದಾಗಿತ್ತು. ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಇಪ್ಪತ್ತೆರಡು ವರ್ಷ ಒಂದು ಸುಳ್ಳನ್ನು ಹೇಳಿ ಹೇಳಿ ನಾನೇ ನಂಬಿಬಿಟ್ಟೆನಾ? ತಲೆ ಕೆಟ್ಟವರಿಗೆ ಹೀಗೇ ಆಗುತ್ತದೆಯಾ? ಆ ಎರಡು ಸಾಲು ಬರೆದದ್ದು ಆವಾಗ. ಹೆದರಿ ಬರೆದೆ. ನೀನು ಸರಿಯಾಗಿ ಹಿಡಿದೆ.

ಮೂರು ವಾರ ಯಾರ ಮುಖವನ್ನೂ ನೋಡಲಿಲ್ಲ. ನಿನ್ನ ಕಾಗದ ಬಂದ ಮೇಲೆ ಧೈರ್ಯ ಮಾಡಿ ಮಿಸೆಸ್ ಪೆರ್ಲ್ಮನ್ ಹತ್ತಿರ ಹೋದೆ. ಆಕೆ ಫಿಲ್ಮು ಕತ್ತರಿಸಿ ಜೋಡಿಸುವ ಬಿಳಿ ಮುದುಕಿ. ಐವತ್ತರಲ್ಲಿ ಹಳೆಯ ಚಿತ್ರದ ಜೋಡಣೆಗೂ ಕೈಯಾಳಾಗಿ ದುಡಿದವಳಂತೆ. ನನ್ನ ಮುಖ ನೋಡಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಆ ಹಳೆಯ ಪ್ರತಿಯ ಡಬ್ಬಿ ತೆಗೆದು, ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಫಿಲ್ಮನ್ನು ಎರಡು ಬೆರಳ ನಡುವೆ ಹಿಡಿದು, ಹೆಂಗಸರು ನೂಲಿನಲ್ಲಿ ಗಂಟು ಹುಡುಕುವ ಹಾಗೆ ಎಳೆಯುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಮುಟ್ಟಿ ನೋಡಿ.”

ಮುಟ್ಟಿದೆ. ಕೂದಲೆಳೆಯಷ್ಟು ಉಬ್ಬು.

“ಕತ್ತರಿಸಿ ಅಂಟು ಹಾಕಿರೋದು. ಈ ಕಡೆ ಚಿತ್ರದ ಚೌಕದಲ್ಲಿ ಅವನ ಕೈ ಬಾಗಿಲ ಮೇಲಿದೆ. ಆ ಕಡೆ ಚೌಕದಲ್ಲಿ ಕಾರಲ್ಲಿ ಕೂತಿದ್ದಾನೆ. ನಡುವೆ ನಲವತ್ತು ಸೆಕೆಂಡು ಇತ್ತು, ಅದು ನೀವು.”

“ಯಾರಮ್ಮಾ ಕತ್ತರಿಸಿದ್ದು?”

ಡಬ್ಬಿಯ ಚೀಟಿ ತೋರಿಸಿದಳು. ಕಂಪನಿಯವರು ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ಪ್ರತಿ ನಮ್ಮ ದಕ್ಷಿಣದ್ದೇ, ನಮ್ಮ ಕಡೆಯ ಟಾಕೀಸುಗಳಲ್ಲಿ ತಿರುಗಿದ್ದು. “ನಿಮ್ಮ ಕಡೆ ಅದಕ್ಕೇ ಅಂತ ಜನ ಇಟ್ಟಿದ್ದರು. ಕರಿಯನೊಬ್ಬ ಬಿಳಿಯನ ಸಮಕ್ಕೆ ಒಂದೇ ಬೆಂಚಲ್ಲಿ ಕೂತರೆ ಕತ್ತರಿ. ನಿಮಗೆ ಗೊತ್ತಿರಲಿಲ್ವಾ?”

ನನಗೆ ಗೊತ್ತಿರಲಿಲ್ಲ. ಆರ್ಡೆಲ್ಲ, ನನಗೆ ಗೊತ್ತಿರಲಿಲ್ಲ! ಅಟ್ಟದಲ್ಲಿ ನಮ್ಮನ್ನು ಬೇರೆ ಕೂರಿಸುತ್ತಾರೆಂದು ಗೊತ್ತಿತ್ತು. ಬೇರೆ ನಲ್ಲಿ, ಬೇರೆ ಮೆಟ್ಟಿಲು ಗೊತ್ತಿತ್ತು. ಬೇರೆ ಸಿನಿಮಾ ತೋರಿಸುತ್ತಾರೆಂದು ಯಾರಿಗೆ ಹೊಳೆಯುತ್ತದೆ? ಅಕ್ಕ ಕಂಡದ್ದನ್ನೇ ಹೇಳಿದಳು. ನಾನೂ ಕಂಡದ್ದನ್ನೇ ಹೇಳಿದೆ. ಇಬ್ಬರೂ ಇಪ್ಪತ್ತೆರಡು ವರ್ಷ ಒಬ್ಬರನ್ನೊಬ್ಬರು ಸುಳ್ಳುಗಾರರೆಂದುಕೊಂಡೆವು. ಕತ್ತರಿ ಹಿಡಿದವನು ಯಾರೋ ಮಧ್ಯಾಹ್ನ ಊಟ ಮಾಡಿ, ಹಲ್ಲು ಚುಚ್ಚಿಕೊಳ್ಳುತ್ತಾ ಕತ್ತರಿಸಿರುತ್ತಾನೆ. ಅವನಿಗೆ ನಮ್ಮ ಹೆಸರೂ ಗೊತ್ತಿಲ್ಲ.

ಆಕೆಯ ಮನೆಯಲ್ಲಿ ಇಲ್ಲಿನ ಪೂರ್ತಿ ಪ್ರತಿಯೊಂದರ ಸವೆದ ಸುರುಳಿಗಳಿದ್ದವು. ಅದರಿಂದ ಆರು ಚೌಕ ಕತ್ತರಿಸಿಕೊಟ್ಟಳು, ಯಾವುದೆಂದು ನಾನೇ ಆರಿಸಿದೆ. ಲಕೋಟೆಯಲ್ಲಿಟ್ಟಿದ್ದೇನೆ. ಬೆಳಕಿಗೆ ಹಿಡಿದು ಅಕ್ಕನಿಗೆ ತೋರಿಸು. ಮುಖ ಚೆನ್ನಾಗಿ ಬಂದಿದೆ, ಆಗ ನನಗೆ ಮೂವತ್ತಾರು, ಕೂದಲಿತ್ತು.

ಮೊದಲಿನ ಆ ಎರಡು ಸಾಲನ್ನು ಒಲೆಗೆ ಹಾಕು.

ಮಾವ

*

ಪೆಕನ್ ಬೆಂಡ್
21 ಮೇ 1972

ಮಾವ,

ಹೇಗೆ ಬರೆಯಲಿ ಎಂದು ತಿಳಿಯದೆ ಮೂರು ಹಾಳೆ ಹರಿದೆ.

ನಿಮ್ಮ ಕಾಗದ ಓದಿದಾಗ ಅಮ್ಮ ಜೋಳದ ಹಿಟ್ಟು ಕಲಸುತ್ತಿದ್ದಳು.

“ಕತ್ತರಿಸಿದ್ರಾ?”

“ಹೂಂನಮ್ಮ.”

“ಯಾರ್ನೂ ಕೇಳ್ದೆ?”

“ಯಾರ್ನ ಕೇಳ್ತಾರಮ್ಮ?”

ಕೈ ಹಿಟ್ಟಿನಲ್ಲೇ ಇತ್ತು. “ನಮ್ಮಪ್ಪನ ಹೆಣ ಒಳಗಿತ್ತು” ಅಂದಳು. “ಅವನು ಹೊರಗಿದ್ದ. ತಡೆದು ನಿಲ್ಲಿಸ್ದೋಳು ನಾನು.” ಅಷ್ಟೇ. ಆ ದಿನ ರೊಟ್ಟಿ ಬೇಯಲಿಲ್ಲ.

ಆ ಚೂರು ನಮ್ಮ ಕಣ್ಣಿಗೆ ತೀರ ಚಿಕ್ಕದಾಯಿತು. ಶಾಲೆಯಿಂದ ಮಕ್ಕಳಿಗೆ ಚಿತ್ರ ತೋರಿಸುವ ದೀಪದ ಯಂತ್ರ ತಂದೆ. ಹಾಸಿಗೆಯ ಬಿಳಿ ಚಾದರವನ್ನು ಗೋಡೆಗೆ ಮೊಳೆ ಹೊಡೆದು, ಕಿಟಕಿಗೆ ಕಂಬಳಿ ಕಟ್ಟಿ, ಒಂದೊಂದೇ ಚೌಕ ಬಿಟ್ಟೆ. ನೀವು ಗೋಡೆಯಷ್ಟು ದೊಡ್ಡದಾಗಿ ಬಂದಿರಿ. ಸಮವಸ್ತ್ರ, ಮಡಿಲಲ್ಲಿ ಟೋಪಿ, ಪಕ್ಕದಲ್ಲಿ ಬಿಳಿಯನ ಮೊಣಕಾಲು. ಅಮ್ಮ ಎದ್ದು ಹೋಗಿ ಚಾದರದ ಮೇಲೆ ನಿಮ್ಮ ಹಣೆಗೆ ಕೈಯಿಟ್ಟಳು. “ಥ್ಯಾಡೀ, ಇದ್ದೀಯಲ್ಲೋ! ಇದ್ದೀಯಲ್ಲೋ ಕತ್ತೆ!” ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನು ಮಾತ್ರ ಕಾಣುತ್ತಿತ್ತು.

ಐದು ಚೌಕ ಒಂದೇ ಥರ. ಆರನೆಯದನ್ನು ಬಿಟ್ಟಾಗ ಅವಳು ಚಾದರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದಳು.

“ಆರ್ಡೆಲ್ಲ, ಇದೇನು?”

ಎಡ ಅಂಚಿನಲ್ಲಿ ಏನೋ ಬೆಳ್ಳಗೆ ಮಸುಕಾಗಿ ಒಳಗೆ ಬರುತ್ತಿತ್ತು. ಹೊಗೆ ಎಂದೆ.

“ಹೊಗೆಗೆ ಉಂಗುರ ಇರತ್ತಾ?”

ಅದು ಕೈ, ಮಾವ. ಅಗಲವಾಗಿ ಬಿಡಿಸಿದ ಕೈ, ನಿಮ್ಮ ಕೆನ್ನೆಯ ಹತ್ತಿರ. ಆಮೇಲೆ ನಿಮ್ಮ ಕಣ್ಣು ನೋಡಿದೆ. ಐದು ಚೌಕಗಳಲ್ಲೂ ಆ ಹೆದರಿಕೆ ಇತ್ತು, ನೋಡಿಯೂ ಕಂಡಿರಲಿಲ್ಲ.

ಅಮ್ಮ ನಾಲ್ಕು ದಿನದಿಂದ ಆ ಚಾದರವನ್ನು ಗೋಡೆಯಿಂದ ಇಳಿಸಲು ಬಿಟ್ಟಿಲ್ಲ. ಇವತ್ತು ಬೆಳಗ್ಗೆ ಅದರ ಮುಂದೆ ನಿಂತು, “ಕೇಳು ಅವನ್ನ. ಆ ಕೈ ಅಲ್ಲೇನ್ ಮಾಡ್ತಿದೆ? ನನ್ ಹೆಸ್ರಿಗೇ ಉತ್ತರ ಬರೀಲಿ” ಅಂದಳು.

ಆರ್ಡೆಲ್ಲ

*

ಲಾಸ್ ಏಂಜಲೀಸ್
4 ಜೂನ್ 1972

ಅಕ್ಕ,

ಕೇಳಿದ್ದೀಯ, ಹೇಳುತ್ತೇನೆ.

ಅವನು ಪಕ್ಕ ಕೂರುವುದು ನಿಜ, ‘ಮಿಸ್ಟರ್’ ಅನ್ನುವುದು ನಿಜ, ಸಿಗರೇಟೂ ನಿಜ. ಅದು ಇಪ್ಪತ್ತೈದು ಸೆಕೆಂಡು. ಆಮೇಲೆ ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಅನುಮಾನ ಬರುತ್ತದೆ, ಕೆನ್ನೆಗೆ ಹೊಡೆಯುತ್ತಾನೆ. ನಾನು ತಲೆ ತಗ್ಗಿಸಿ “ಯೆಸ್ ಸರ್” ಅನ್ನುತ್ತೇನೆ. ದೃಶ್ಯ ಮುಗಿಯಿತು.

ಹೊಡೆಯುವ ಹಾಗೆ ನಟಿಸುತ್ತಾರೆಂದುಕೊಂಡಿದ್ದೆ. ಡೈರೆಕ್ಟರಿಗೆ ಶಬ್ದ ನಿಜವಾಗಿ ಬೇಕಿತ್ತು. ಒಂದು ಸಲ ಬೆಳಕು ಸರಿಯಿಲ್ಲ, ಇನ್ನೊಂದು ಸಲ ಟೋಪಿ ಬಿತ್ತು, ಮತ್ತೊಂದು ಸಲ ಹೊಡೆದವನಿಗೇ ನಗು ಬಂತು. ಹನ್ನೊಂದು ಸಲ ಅಕ್ಕ. ನಡುವೆ ಒಬ್ಬಳು ಬಂದು ಕೆನ್ನೆಯ ಬಾವು ಕಾಣದ ಹಾಗೆ ಪೌಡರು ಹಚ್ಚಿ ಹೋಗುತ್ತಿದ್ದಳು. ಮಿಸೆಸ್ ಪೆರ್ಲ್ಮನ್ ನನ್ನ ಮುಖ ನೋಡಿ ಸುಮ್ಮನಿದ್ದಳು ಎಂದು ಬರೆದಿದ್ದೆ. ಸುಮ್ಮನಿದ್ದು ಆಮೇಲೆ ಏನಂದಳೋ ಅದನ್ನು ಬರೆದಿರಲಿಲ್ಲ. “ನೀವು ಹನ್ನೊಂದು ಅಲ್ವಾ?” ಅಂದಳು. ಹನ್ನೊಂದು ಸಲ ತೆಗೆದ ಅಷ್ಟೂ ಚೂರುಗಳನ್ನು ಎಣಿಸಿ ಬರೆದಿಟ್ಟವಳು ಆಕೆ. ನನ್ನ ಹೆಸರು ಅವಳಿಗೆ ನೆನಪಿರಲಿಲ್ಲ.

ಚೂರು ಆರಿಸುವಾಗ ಏಟಿನ ಮುಂಚಿನದನ್ನೇ ಆರಿಸಿದೆ. ಏಟನ್ನು ನಾನೇ ಕತ್ತರಿಸಿ ತೆಗೆದೆ. ಮುಖ ಕ್ಯಾಮೆರಾದ ಕಡೆ ತಿರುಗಿದ್ದು ಅಲ್ಲಿ ಮಾತ್ರ, ಏಟು ಬರುತ್ತಿತ್ತಲ್ಲ, ತಿರುಗಲೇಬೇಕಿತ್ತು. ಆರನೆಯ ಚೌಕದಲ್ಲಿ ಅವನ ಕೈ ಬಂದದ್ದು ನನ್ನ ಕನ್ನಡಕಕ್ಕೆ ಕಾಣಲಿಲ್ಲ.

ಇನ್ನೂ ಇದೆ. ನಾನು ಸಲಹೆಗಾರನಲ್ಲ. ಕಂಪನಿಯ ಗೇಟು ಕಾಯುತ್ತೇನೆ. ಹೊಸ ಚಿತ್ರದಲ್ಲಿ ನನಗೆ ಕೊಟ್ಟ ಪಾತ್ರದ ಚಿತ್ರೀಕರಣ ಮೇ ಎರಡಕ್ಕೆ ಆಯಿತು. ಸೂಟು ಹಾಕಿದರು, ಟೋಪಿ ಇಟ್ಟರು. ಆ ಬಿಳಿ ಮುದುಕ ಹೋಮರ್ ಬೆಂಚಿನ ಮೇಲೆ ಕೂತಿದ್ದ. ನಾನು ಎದುರು ನಿಂತೊಡನೆ, ಕ್ಯಾಮೆರಾ ಓಡುವ ಮೊದಲು, ಅವನು ಬಾಯೊಳಗಿನ ಕಟ್ಟಿಸಿದ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಒಡೆಯಬಾರದು ಅಂತ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಕೆನ್ನೆ ಕೊಟ್ಟ.

ನನ್ನ ಕೈ ಏಳಲಿಲ್ಲ ಅಕ್ಕ. ಡೆಲ್ರಾಯ್ ಕೂಗಿದ, “ಅಜ್ಜಾ! ಇಡೀ ದೇಶದ ನಮ್ಮೋರು ಈ ಏಟಿಗೆ ಕಾಯ್ತಿದ್ದಾರೆ! ಹೊಡಿ!” ಅವನ ಮಾತು ಸರಿ. ನಾನೂ ಕಾದಿದ್ದೆ, ಇಪ್ಪತ್ತೆರಡು ವರ್ಷ. ಕೈ ಏಳಲಿಲ್ಲ. ಸೂಟು ಬಿಚ್ಚಿಸಿ ಇನ್ನೊಬ್ಬನಿಗೆ ಹಾಕಿದರು. ಅವನು ಚೆನ್ನಾಗಿ ಹೊಡೆದ. ಈ ಚಿತ್ರದಲ್ಲಂತೂ ನಾನಿಲ್ಲ, ಯಾರೂ ಕತ್ತರಿಸಬೇಕಾಗಿಲ್ಲ.

ಐವತ್ತರಲ್ಲಿ ನಿನಗೆ ಆ ಕಾಗದ ಬರೆಯುವಾಗ ಕೆನ್ನೆ ಇನ್ನೂ ಊದಿತ್ತು. ತಾಯಿ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು ನೀನು. ಇದನ್ನು ನಿನಗೆ ಹೇಗೆ ಬರೆಯಲಿ?

ಆಗಸ್ಟ್ ಹದಿಮೂರಕ್ಕೆ ಬರಲಾ? ನೀನು ಏನು ಹೇಳು ಅನ್ನುತ್ತೀಯೋ ಅದನ್ನೇ ಎದ್ದು ನಿಂತು ಹೇಳುತ್ತೇನೆ.

ಥ್ಯಾಡಿ

*

ಪೆಕನ್ ಬೆಂಡ್
26 ಜೂನ್ 1972

ಲೋ ಥ್ಯಾಡಿ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಆರ್ಡೆಲ್ಲಳಿಗೆ ಇದನ್ನು ಹೇಳಿ ಬರೆಸಲು ನಾಚಿಕೆ.

ನಿನ್ನ ಕಾಗದವನ್ನು ಒಂದೇ ಸಲ ಓದಿದೆ, ಇನ್ನೊಂದು ಸಲ ಆಗಲಿಲ್ಲ. ಆ ಅಟ್ಟದಲ್ಲಿ ನನಗೆ ಅದು ಕಂಡಿದ್ದರೆ, ಹನ್ನೊಂದರಲ್ಲಿ ಒಂದು ಕಂಡಿದ್ದರೂ, ನಾನು ಕೆಳಗೆ ಹಾರುತ್ತಿದ್ದೆ. ಕತ್ತರಿಸಿದವನು ನರಕಕ್ಕೆ ಹೋಗಲಿ. ಆದರೂ ಆ ದಿನ ನಾನು ಅದನ್ನು ನೋಡದೆ ಹೋದದ್ದಕ್ಕೆ ಅಳಬೇಕೋ ದೇವರಿಗೆ ವಂದಿಸಬೇಕೋ ನನಗೆ ತಿಳಿಯುವುದಿಲ್ಲ.

ನಿನ್ನೆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತೆ. ಇಪ್ಪತ್ತೊಂದು ವರ್ಷದ ಹಿಂದೆ ನಿನ್ನನ್ನು ಸುಳ್ಳುಗಾರ ಎಂದದ್ದು ಅಲ್ಲೇ, ಆ ಮಾತು ತೆಗೆಯಬೇಕಾದದ್ದೂ ಅಲ್ಲೇ. ನನ್ನ ತಮ್ಮ ಆ ಚಿತ್ರದಲ್ಲಿದ್ದ, ನಮ್ಮ ಅಟ್ಟಕ್ಕೆ ಬರುವ ಮೊದಲು ಅವನನ್ನು ಕತ್ತರಿಸಿ ತೆಗೆದರು, ನನ್ನ ಹತ್ತಿರ ಚೂರಿದೆ ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಟ್ಟದಲ್ಲಿದ್ದ ನಲವತ್ತೊಂದರಲ್ಲಿ ಇನ್ನು ಹದಿನಾರು ಜನ ಉಳಿದಿದ್ದೇವೆ. ಒಬ್ಬೊಬ್ಬರ ಮುಖವೂ ಬೂದಿ ಬಣ್ಣಕ್ಕೆ ತಿರುಗಿತು.

ಡೀಕನ್ ಹೋರೇಸಿಗೆ ಈಗ ಎಂಬತ್ತೆರಡು, ಕೆಟ್ಟ ಬುದ್ಧಿ ಹಾಗೇ ಇದೆ. ಕೋಲು ಊರಿಕೊಂಡು ಎದ್ದ. “ಸರಿ ಲುವೀನಿಯಾ, ಕತ್ತರಿಸೋ ಅಂಥದ್ದು ಅವನು ಮಾಡಿದ್ದಾದ್ರೂ ಏನು?”

ನಿಜವೇ ಬಾಯಿಗೆ ಬಂದಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆ ಚಾದರದ ಮೇಲಿನ ನಿನ್ನ ಕಣ್ಣು ನನಗೆ ಕಂಡಿತು.

“ಹೊಡೆದ” ಅಂದೆ. “ಬಿಳಿ ಪೊಲೀಸ್ನೋನು ಸಿಗರೇಟು ಕೊಟ್ಟು ಪುಸಲಾಯಿಸೋಕೆ ಬಂದ. ನನ್ ತಮ್ಮ ಎದ್ದು ಅವನ ಕೆನ್ನೆಗೆ ಬಾರಿಸ್ದ. ಅದಕ್ಕೇ ಕತ್ತರಿಸಿದ್ರು.”

ಥ್ಯಾಡಿ, ಒಬ್ಬರೂ ಅನುಮಾನಪಡಲಿಲ್ಲ. ಕತ್ತರಿಸಲು ಅದಕ್ಕಿಂತ ಒಳ್ಳೆಯ ಕಾರಣ ಈ ಊರಿನಲ್ಲಿ ಯಾರಿಗೆ ಬೇಕು? ಮೊದಲು ಮುದುಕಿಯೊಬ್ಬಳು “ಸ್ತೋತ್ರ!” ಅಂದಳು. ಆಮೇಲೆ ಇಡೀ ಚರ್ಚು ಎದ್ದು ನಿಂತಿತು. ಆರ್ಡೆಲ್ಲ ಮಾತ್ರ ಕೂತಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡುತ್ತಿದ್ದಳು, ಅವಳಿಗೆ ದೆವ್ವ ಕಂಡ ಹಾಗಾಗಿತ್ತು. ಹೋರೇಸ್ ಕನ್ನಡಕ ತೆಗೆದು ಒರೆಸಿಕೊಂಡ.

“ಎಷ್ಟ್ ಸಲ ಹೊಡೆದ?” ಅಂದ.

“ಹನ್ನೊಂದು” ಅಂದೆ.

ಎಪ್ಪತ್ತು ವರ್ಷದಲ್ಲಿ ನನ್ನ ಬಾಯಿಂದ ಬಂದ ಮೊದಲ ಸುಳ್ಳು, ಅದೂ ದೇವರ ಮನೆಯಲ್ಲಿ, ಪೀಠದ ಎದುರು. ಮನೆಗೆ ಬಂದು ಮಂಡಿಯೂರಿ ಕ್ಷಮೆ ಕೇಳಲು ನೋಡಿದೆ. ಪಶ್ಚಾತ್ತಾಪ ಬರಲಿಲ್ಲ. ಎದ್ದು ಸೊಪ್ಪು ಬೇಯಿಸಿದೆ.

ಆಗಸ್ಟ್ ಹದಿಮೂರಕ್ಕೆ ಬಾ. ಮೊದಲ ಸಾಲು, ನನ್ನ ಬಲಗಡೆ. ಎಲ್ಲರೂ ಬಂದು ನಿನ್ನ ಕೈ ಕುಲುಕುತ್ತಾರೆ, ಮಕ್ಕಳು ಕೇಳುತ್ತಾರೆ, ಹೋರೇಸಂತೂ ಬಿಡುವುದಿಲ್ಲ. ನೀನು ಬಾಯಿ ಬಿಡಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಎಲ್ಲಾದರೂ ಒಂದು ಮೀನೋ ಕುದುರೆಯೋ ಸೇರಿಸಿ ಕೆಡಿಸುತ್ತೀಯ. ಕೇಳಿದವರಿಗೆ ನನ್ನನ್ನು ತೋರಿಸು. ಹೇಳುವುದನ್ನು ನಾನು ಹೇಳುತ್ತೇನೆ.

ನಿನ್ನ ಅಕ್ಕ,
ಲುವೀನಿಯಾ